ಅವರು ಕೈ ಬೀಸಿದ್ದು ಯಾರಿಗೆ?

ನಮ್ಮ ಬೀದಿಯ ಹುಡುಗನೊಬ್ಬ ನಟ ಯಶ್ ಅವರನ್ನು ಕಂಡು ಬಂದ ಕಥೆಯನ್ನು ನಾನು ಕಡಿಮೆಯೆಂದರೂ ಹತ್ತು ಸಲ ಕೇಳಿದ್ದೇನೆ. ‘ಕೆ.ಜಿ.ಎಫ್.’ ಚಿತ್ರದ ಮೊದಲ ಭಾಗ ತೆರೆಗೆ ಬಂದದ್ದು 2018ರ ಡಿಸೆಂಬರ್ 21ರಂದು. ಅದಕ್ಕೆ ಮುಂಚೆ ಕೋಲಾರ ಚಿನ್ನದ ಗಣಿಯ ಸೈನೈಡ್ ಗುಡ್ಡಗಳ ಮೇಲೆ ಶೂಟಿಂಗ್ ನಡೆಯುತ್ತಿದ್ದಾಗ ಬಂಗಾರಪೇಟೆಯ ಹುಡುಗರು ಒಂದು ಬೈಕಿಗೆ ಮೂವರಂತೆ ಹೋಗಿ ನಿಲ್ಲುತ್ತಿದ್ದರು. ಇವನೂ ಹೋಗಿದ್ದ. ಅಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ಹೇಳಿದ್ದು ಇಷ್ಟು: ಮೂರು ಗಂಟೆ ಬಿಸಿಲಿನಲ್ಲಿ ನಿಂತರು, ಹತ್ತಿರ ಬಿಡಲಿಲ್ಲ, ದೂರದಲ್ಲಿ ಯಾರೋ ಗಡ್ಡದವರು ಕೊಡೆಯ ಕೆಳಗೆ ಕುಳಿತಿದ್ದರು, ಅವರೇ ಇರಬೇಕು. ಗಾಳಿ ಬೀಸಿ ಕಣ್ಣೊಳಗೆಲ್ಲ ಧೂಳು. ಜೊತೆಯವನ ಚಪ್ಪಲಿ ಕಿತ್ತುಹೋಯಿತು. ಮನೆಗೆ ಬಂದರೆ ಅಜ್ಜಿಯ ಬೈಗುಳ: ‘ಗಣಿ ಲೈನಿನಲ್ಲಿ ಇದ್ದಷ್ಟು ದಿನ ಆ ಗುಡ್ಡದ ಧೂಳು ಗುಡಿಸಿ ಗುಡಿಸಿ ನನ್ನ ಸೊಂಟ ಬಿತ್ತು. ನೀನು ಅದನ್ನು ನೋಡೋಕೆ ಪೆಟ್ರೋಲ್ ಹಾಕಿಸಿಕೊಂಡು ಹೋಗಿದ್ದೀಯಲ್ಲೋ!’

ಚಿತ್ರ ಬಿಡುಗಡೆಯಾಗಿ ಊರಿಗೆ ಊರೇ ಹೆಸರಾದ ಮೇಲೆ ಕಥೆಯಲ್ಲಿ ಕೊಡೆಯ ಕೆಳಗಿದ್ದವರು ಎದ್ದು ನಿಂತರು. ಇನ್ನೊಂದು ತಿಂಗಳಿಗೆ ಅವರು ಕೈ ಬೀಸಿದರು. ‘ಯಾರಿಗೋ?’ ಎಂದೆ. ‘ನಮಗೇ ಮೇಡಂ’ ಎಂದ. 2022ರ ಏಪ್ರಿಲಿನಲ್ಲಿ ಎರಡನೆಯ ಭಾಗ ಬರುವ ಹೊತ್ತಿಗೆ ‘ನಮಗೆ’ ಎನ್ನುವುದು ‘ನನಗೆ’ ಎಂದಾಗಿತ್ತು.

ಹುಡುಗ ಸುಳ್ಳುಗಾರನೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಹುಡುಗ, ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಆದರೆ ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದ ಕೈ ನನ್ನದು. ಒಂದು ಬರಹ ಎರಡನೆಯ ಸಲ, ಮೂರನೆಯ ಸಲ ಹೇಗೆ ಬದಲಾಗುತ್ತದೆಂದು ನೋಡುವ ಚಾಳಿ ಬಿಡುವುದಿಲ್ಲ. ಸೇರಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಬಿಟ್ಟದ್ದರ ಬಗ್ಗೆ ಇದೆ. ಯಶ್ ಕೈ ಎತ್ತಿದಾಗ ಗೆಳೆಯನ ಚಪ್ಪಲಿ ಕಥೆಯಿಂದ ಬಿದ್ದುಹೋಯಿತು. ಆಮೇಲೆ ಧೂಳು ಹೋಯಿತು. ಕೊನೆಗೆ ಅಜ್ಜಿಯೂ ಹೋದಳು. ಆ ಗುಡ್ಡ ಎಂಥದು, ಅದು ಅಲ್ಲಿಗೆ ಹೇಗೆ ಬಂತು ಎಂದು ಬಲ್ಲವಳು ಆ ಕಥೆಯಲ್ಲಿ ಅಜ್ಜಿಯೊಬ್ಬಳೇ. ಬಂಡೆ ಅರೆದು, ಸೈನೈಡಿನಿಂದ ಚಿನ್ನ ಸೆಳೆದುಕೊಂಡ ಮೇಲೆ ಉಳಿದ ಪುಡಿಯನ್ನು ನೂರು ವರ್ಷಕ್ಕೂ ಮೇಲ್ಪಟ್ಟು ಸುರಿದು ಸುರಿದು ಆದ ಗುಡ್ಡ ಅದು. ಗಾಳಿಯ ಕಾಲದಲ್ಲಿ ಅನ್ನದ ತಪ್ಪಲೆಯ ಮುಚ್ಚಳ ತೆಗೆದಿಡುವ ಹಾಗಿರಲಿಲ್ಲ. ಸಿನಿಮಾದವರಿಗೆ ಅದು ಸೊಗಸಾದ ಹಿನ್ನೆಲೆ. ಬೇರೆ ಊರಿನಿಂದ ಬಂದವರು ಈಗ ನಮ್ಮ ಸ್ಟೇಷನ್ನಿನಲ್ಲಿ ಇಳಿದು ‘ನರಾಚಿ ಎಲ್ಲಿದೆ?’ ಎಂದು ಕೇಳುತ್ತಾರೆ. ಚಿತ್ರದಲ್ಲಿ ಕಟ್ಟಿಕೊಂಡ ಗಣಿಯ ಹೆಸರು ಅದು. ನಿಜವಾದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದರ ವಿಷಯ ಕೇಳಿದವರನ್ನು ನಾನು ಕಂಡಿಲ್ಲ.

ದೊಡ್ಡವರನ್ನು ಅಕಸ್ಮಾತ್ತಾಗಿ ಕಂಡ ಕಥೆ ಎಂಬುದು ನಮ್ಮಲ್ಲಿ ಒಂದು ಸಾಹಿತ್ಯ ಪ್ರಕಾರವೇ ಆಗಿದೆ. ಹಿಂದೆ ವಾರಪತ್ರಿಕೆಗಳ ಓದುಗರ ಪುಟಗಳಲ್ಲಿ ಬರುತ್ತಿತ್ತು. ಈಗ ಪ್ರತಿಯೊಬ್ಬರ ಫೋನಿನಲ್ಲೂ ಇದೆ. ಅದರ ನಡೆ ಹೆಚ್ಚು ಬದಲಾಗಿಲ್ಲ. ರೈಲಿನಲ್ಲೋ ಹೋಟೆಲಿನಲ್ಲೋ ದೇವಸ್ಥಾನದ ಸಾಲಿನಲ್ಲೋ ಒಬ್ಬ ಸಾಧಾರಣ ಮನುಷ್ಯ ಕುಳಿತಿರುತ್ತಾರೆ, ಎಲ್ಲೋ ನೋಡಿದ ಮುಖ ಅನ್ನಿಸುತ್ತದೆ, ಗುರುತು ಸಿಕ್ಕಾಗ ಮೈ ಜುಮ್ಮೆನ್ನುತ್ತದೆ, ಅವರು ಎರಡು ಮಾತಾಡುತ್ತಾರೆ, ಕೊನೆಗೆ ‘ಎಂಥ ಸರಳ ವ್ಯಕ್ತಿ!’ ಎಂಬ ಉದ್ಗಾರ. ಈ ಸರಳ ಎಂಬ ಮಾತನ್ನು ಸ್ವಲ್ಪ ನಿಲ್ಲಿಸಿ ನೋಡಬೇಕು. ಅವರು ಮಾಡಿದ್ದಾದರೂ ಏನು? ಇಡ್ಲಿ ತಿಂದರು, ಕೈ ತೊಳೆದರು, ಪಕ್ಕದವರಿಗೆ ಜಾಗ ಬಿಟ್ಟರು. ನಮ್ಮ ಶಾಲೆಯ ಆಯಾ ಇದನ್ನೆಲ್ಲ ದಿನವೂ ಮಾಡುತ್ತಾಳೆ. ಅವಳನ್ನು ಯಾರೂ ಸರಳ ವ್ಯಕ್ತಿ ಎನ್ನುವುದಿಲ್ಲ. ಅವಳನ್ನು ಏನೂ ಅನ್ನುವುದಿಲ್ಲ.

ಕಥೆ ಹೇಳುವವರ ನೆನಪು ಹಿಂದಕ್ಕೆ ಹೋಗಿ ಭೇಟಿಯನ್ನು ಹೊಸದಾಗಿ ಮಾಡಿಸುವುದೂ ಉಂಟು. ರಜನೀಕಾಂತ್ ಬೆಂಗಳೂರಿನ ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, 1975ರಲ್ಲಿ ‘ಅಪೂರ್ವ ರಾಗಂಗಳ್’ ಚಿತ್ರದಿಂದ ತೆರೆಗೆ ಬಂದವರು. ತಮಿಳು ಮನೆಮಾತಿನವರು ಬಹಳ ಇರುವ ನಮ್ಮ ಕೆ.ಜಿ.ಎಫ್.ನಲ್ಲಿ ಅವರ ಮೇಲಿನ ಅಭಿಮಾನ ಹೇಳತೀರದು. ಆ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ನಮ್ಮ ಕಡೆಯ ಗಂಡಸರಲ್ಲಿ ಅವರ ಕೈಯಿಂದ ಟಿಕೆಟ್ ಹರಿಸಿಕೊಳ್ಳದವರನ್ನು ನಾನು ನೋಡಿಲ್ಲ. ನನ್ನ ದೊಡ್ಡಪ್ಪನ ಮಗನೂ ಹರಿಸಿಕೊಂಡಿದ್ದಾನೆ. ಚಿಲ್ಲರೆಯನ್ನು ಗಾಳಿಯಲ್ಲಿ ತೂರಿ ಹಿಡಿದರಂತೆ! ಅಷ್ಟೂ ಜನ ಹತ್ತಿದ್ದರೆ ಆ ಬಸ್ಸು ಡಿಪೋ ಬಿಟ್ಟು ಕದಲುತ್ತಿರಲಿಲ್ಲ. ಒಂದು ವೇಳೆ ಅಣ್ಣ ಹತ್ತಿದ್ದು ಅದೇ ಬಸ್ಸೆಂದೇ ಇಟ್ಟುಕೊಳ್ಳೋಣ. ಅಂದು ಅವನು ಕಂಡದ್ದು ಒಬ್ಬ ಕಂಡಕ್ಟರನ್ನು. ಕಂಡಕ್ಟರ್ ಎಂದೇ ನೋಡಿದ, ಅಥವಾ ನೋಡಲೇ ಇಲ್ಲ. ಕಂಡಕ್ಟರುಗಳ ಮುಖವನ್ನು ನಾವು ಯಾರು ನೋಡುತ್ತೇವೆ? ಟಿಕೆಟನ್ನು ಯಾರೂ ಇಟ್ಟುಕೊಂಡಿಲ್ಲ ಎಂಬುದೇ ಅದಕ್ಕೆ ಸಾಕ್ಷಿ.

ಇನ್ನು ಮೇಷ್ಟರುಗಳಾದ ನಾವೇನು ಕಡಿಮೆಯಲ್ಲ. ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿಯ ಕಥೆಯನ್ನು ನಾನೇ ಎಷ್ಟು ತರಗತಿಗಳಿಗೆ ಹೇಳಿದೆನೋ ಲೆಕ್ಕವಿಲ್ಲ. ಅವರನ್ನು ನೋಡಲು ಹೋದವರೊಬ್ಬರ ಎದುರಿನಲ್ಲೇ ಸರ್ಕಾರದ ಬತ್ತಿ ಆರಿಸಿ ತಮ್ಮ ಸ್ವಂತದ ಬತ್ತಿ ಹಚ್ಚಿದರು ಎಂಬುದು ಕಥೆ. ಆ ನೋಡಲು ಹೋದವರು ಯಾರು, ಯಾವ ಊರಿನವರು, ಯಾವ ಕೆಲಸಕ್ಕೆ ಹೋಗಿದ್ದರು, ಅವರ ಕೆಲಸ ಆಯಿತೇ? ಒಂದು ಮಗುವೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆಮೇಲೆ ನೋಡಿದರೆ ಅದೇ ಕಥೆ ದೀಪದ ರೂಪದಲ್ಲಿ ಚಾಣಕ್ಯನ ಮೇಲೂ ಇದೆ. ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಗೆ ಇದರಿಂದ ಕುಂದಿಲ್ಲ. ಅದಕ್ಕೆ ಮೇಣದಬತ್ತಿಯ ಸಾಕ್ಷಿ ಬೇಕಾಗಿಯೂ ಇಲ್ಲ. ಹೆಸರಿಲ್ಲದ ಆ ಭೇಟಿಗಾರ ಮಾತ್ರ ಯಾವ ಮನೆಗೆ ಬೇಕಾದರೂ ಹೋಗಿ ಕುಳಿತುಕೊಳ್ಳಬಲ್ಲ, ಏಕೆಂದರೆ ಅವನು ಇಲ್ಲ.

ಸಾವಿನ ಮನೆಯಲ್ಲಿ ಹುಟ್ಟುವ ಕಥೆಗಳ ಬಗ್ಗೆ ಹೀಗೆ ಹಗುರಾಗಿ ಬರೆಯಲು ನನಗೆ ಆಗುವುದಿಲ್ಲ. ಮುಳಬಾಗಿಲ ಕಡೆಯ ಹುಡುಗಿ ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಬಿದ್ದು ತೀರಿಕೊಂಡಾಗ ನಮ್ಮ ಸ್ಟಾಫ್ ರೂಮಿನಲ್ಲಿ ಅವರನ್ನು ಪರದೆಯ ಆಚೆ ಎಂದೂ ನೋಡದವರೂ ಅತ್ತರು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ ಹೋದಾಗಲಂತೂ ಊರೂರಿನಲ್ಲೂ ಒಬ್ಬೊಬ್ಬರ ಬಳಿ ಒಂದೊಂದು ಭೇಟಿಯ ಕಥೆ. ಅವುಗಳಲ್ಲಿ ಎಷ್ಟೋ ಒಂದೇ ಅಚ್ಚಿನವು. ಆದರೆ ನಮ್ಮ ತರಕಾರಿಯವಳು ಹೇಳಿದ್ದು ನನಗೆ ಇನ್ನೂ ನೆನಪಿದೆ. ಅವಳು ಅವರನ್ನು ಎಂದೂ ಕಂಡವಳಲ್ಲ. ‘ನನ್ನ ಮಗನೂ ಅವರೂ ಒಂದೇ ವಯಸ್ಸು ಮೇಡಂ. ಅವನು ಹೋದ ದಿನ ಯಾರೂ ಬರಲಿಲ್ಲ. ಟಿ.ವಿ.ಯಲ್ಲಿ ಅಷ್ಟು ಜನ ಅಳೋದು ನೋಡಿ ನಾನು ಅವನಿಗೂ ಸೇರಿಸಿ ಅತ್ತೆ’ ಎಂದಳು. ಕೈ ಕುಲುಕಿದವರ, ಫೋಟೋ ತೆಗೆಸಿಕೊಂಡವರ ಕಥೆಗಳೆಲ್ಲ ಒಂದು ಕಡೆ, ಕಾಣದವಳ ಈ ಮಾತು ಒಂದು ಕಡೆ. ರಾಜ್‌ಕುಮಾರ್ ನೋಡಲು ಬಂದವರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆಯುತ್ತಿದ್ದರು. ಆ ಮಾತನ್ನು ಉಪಚಾರವೆಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ನೋಡುವವನು ಯಾರು ಎಂಬ ಪ್ರಶ್ನೆ ಅವರಿಗಾದರೂ ಹೊಳೆದಿತ್ತು.

ಈ ಕಥೆಯನ್ನು ಚೆನ್ನಾಗಿ ಹೇಳಿದವರೇ ಇಲ್ಲವೆ? ದೂರ ಹೋಗಬೇಕಾಗಿಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ ಇಡಿಯಾಗಿ ಕಂಡವರ ಕಥೆಯೇ. ದಿವಾನರು, ವಿದ್ವಾಂಸರು, ಸಂಗೀತಗಾರರು ಅಲ್ಲಿ ಸಾಲಾಗಿ ಕುಳಿತಿದ್ದಾರೆ. ನಾನು ಮತ್ತೆ ಮತ್ತೆ ತೆಗೆಯುವುದು ಮಾತ್ರ ದಿವಾನರ ಸಂಪುಟವನ್ನಲ್ಲ, ಹಳೆಯ ಕಾಲದ ವೈದಿಕರ ಸಂಪುಟವನ್ನು. ಅಲ್ಲಿನ ಎಷ್ಟೋ ಜನರ ಹೆಸರು ಡಿ.ವಿ.ಜಿ. ಬರೆಯದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅವರ ಊಟ, ಸಿಟ್ಟು, ಸಾಲ, ಹಟ ಎಲ್ಲವೂ ದಿವಾನರಿಗೆ ಸಿಕ್ಕಷ್ಟೇ ಅಕ್ಕರೆಯಿಂದ ಬರುತ್ತವೆ. ಆ ಚಿತ್ರಶಾಲೆಯಲ್ಲಿ ಹೆಂಗಸರು ಕಡಿಮೆ ಎಂಬ ಕೊರಗು ನನ್ನದು ಇದ್ದೇ ಇದೆ. ಅಡಿಗೆ ಮಾಡಿ ಬಡಿಸಿದವರು ಯಾರೋ ಇದ್ದಿರಬೇಕಲ್ಲ.

ಆ ಕೊರಗನ್ನು ತಕ್ಕಮಟ್ಟಿಗೆ ತೀರಿಸಿದವರು ಮಾಲೂರು ತಾಲ್ಲೂಕಿನ ಮಾಸ್ತಿಯವರು. ಮೈಸೂರು ಸಂಸ್ಥಾನದಲ್ಲಿ ಅಧಿಕಾರದಲ್ಲಿದ್ದವರು, ಕ್ಯಾಂಪಿಗೆ ಹೋದ ಕಡೆಯೆಲ್ಲ ಜನ ಕೈ ಕಟ್ಟಿ ನಿಂತಿರುತ್ತಿದ್ದ ಕಾಲ ಅದು. ‘ನಮ್ಮೂರಿಗೆ ಅಮಲ್ದಾರರು ಬಂದಿದ್ದರು’ ಎಂದು ಎಷ್ಟು ಮನೆಗಳಲ್ಲಿ ವರ್ಷಗಟ್ಟಲೆ ಹೇಳಿಕೊಂಡಿರುತ್ತಾರೋ! ಆದರೆ ‘ಮೊಸರಿನ ಮಂಗಮ್ಮ’ ಕಥೆಯಲ್ಲಿ ಅಧಿಕಾರಿ ಎಲ್ಲೂ ಇಲ್ಲ. ಮೊಸರು ಮಾರುವ ಹೆಂಗಸು ಒಂದು ಮನೆಯ ಗೃಹಿಣಿಯ ಎದುರು ತಲೆಯ ಮೇಲಿನ ಭಾರ ಇಳಿಸಿ, ಮಗ ಸೊಸೆಯ ಜಗಳ ಹೇಳಿಕೊಳ್ಳುತ್ತಾಳೆ. ಗೃಹಿಣಿ ಕೇಳಿಸಿಕೊಂಡು ನಮಗೆ ಹೇಳುತ್ತಾಳೆ. ಇಬ್ಬರೂ ಹೆಸರು ಮಾಡಿದವರಲ್ಲ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂತು, ಅವರೂ ಹೆಸರಾದರು, ಮಂಗಮ್ಮನೂ ಹೆಸರಾದಳು. ಆ ಕಾಲದ ಅಮಲ್ದಾರರ ಹೆಸರು ಒಂದಾದರೂ ನಿಮಗೆ ನೆನಪಿದೆಯೆ?

ಇಷ್ಟೆಲ್ಲ ತಿಳಿದವಳಂತೆ ಬರೆಯುತ್ತಿರುವ ನಾನು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ತೊಂಬತ್ತರ ದಶಕ. ಶಾಲೆಯ ಹೆಸರು ಬೇಡ, ಬಂದ ಮಂತ್ರಿಗಳ ಹೆಸರೂ ಬೇಡ. ಹತ್ತು ಗಂಟೆಗೆ ಬರುತ್ತಾರೆಂದು ಮಕ್ಕಳನ್ನು ರಸ್ತೆಯ ಎರಡೂ ಬದಿಗೆ ಕಾಗದದ ಬಾವುಟ ಕೊಟ್ಟು ನಿಲ್ಲಿಸಿದೆವು. ನಮ್ಮ ಎಂಟನೆಯ ತರಗತಿಯನ್ನು ನಿಲ್ಲಿಸಿದವಳು ನಾನೇ. ಕಾರು ಬಂದದ್ದು ಒಂದೂವರೆಗೆ. ಬಂದ ಹಾಗೇ ಹೋಯಿತು. ಅದಾದ ಹದಿನೈದು ದಿನಕ್ಕೆ ಕಿರುಪರೀಕ್ಷೆಯಲ್ಲಿ ‘ನಾನು ಕಂಡ ಪ್ರಸಿದ್ಧ ವ್ಯಕ್ತಿ’ ಎಂದು ಪ್ರಬಂಧಕ್ಕೆ ಕೊಟ್ಟೆ. ಅರ್ಧಕ್ಕರ್ಧ ಮಕ್ಕಳು ರಾಜ್‌ಕುಮಾರ್ ಅವರನ್ನು ಕಂಡಿದ್ದರು. ಒಬ್ಬಳ ಮನೆಗಂತೂ ಅವರು ಬಂದು ಮುದ್ದೆ, ಬಸ್ಸಾರು ಉಂಡು ಹೋಗಿದ್ದರು. ಕಾಗುಣಿತ ಚೆನ್ನಾಗಿತ್ತು, ಹತ್ತಕ್ಕೆ ಎಂಟು ಕೊಟ್ಟೆ.

ಒಬ್ಬ ಹುಡುಗಿ ಮಾತ್ರ ಮಂತ್ರಿಗಳ ಬಗ್ಗೆ ಬರೆದಿದ್ದಳು. ಗಣಿ ಕಾರ್ಮಿಕನ ಮಗಳು, ಮನೆಮಾತು ತಮಿಳು, ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ತಪ್ಪು. ಅವಳ ವಾಕ್ಯಗಳು ನನಗೆ ಹಾಗೆಯೇ ನೆನಪಿಲ್ಲ, ಬರೆದದ್ದು ನೆನಪಿದೆ. ಚಪ್ಪಲಿ ಇಲ್ಲದವರು ಟಾರಿನ ಮೇಲೆ ಒಂದು ಕಾಲಾದ ಮೇಲೆ ಒಂದು ಕಾಲು ಎತ್ತುತ್ತಿದ್ದರು. ಬಾವುಟದ ಬಣ್ಣ ಬೆವರಿಗೆ ಅಂಗೈಗೆ ಹತ್ತಿತು. ಮುಂದೆ ಪೊಲೀಸ್ ಜೀಪು ಬಂತು, ಆಮೇಲೆ ಬಿಳಿಯ ಅಂಬಾಸಿಡರ್ ಬಂತು. ಕಿಟಕಿಗೆ ಪರದೆ ಇತ್ತು. ಒಂದು ಕೈ ಪರದೆಯನ್ನು ಇನ್ನಷ್ಟು ಎಳೆದುಕೊಂಡಿತು, ಬಿಸಿಲು ಬೀಳುತ್ತಿತ್ತೇನೋ. ಬೆರಳಿನಲ್ಲಿ ಉಂಗುರವಿತ್ತು. ನಾನು ಪ್ರಸಿದ್ಧ ವ್ಯಕ್ತಿಯ ಕೈ ಕಂಡೆ, ಎಂದು ಮುಗಿಸಿದ್ದಳು.

ಅಂಚಿನಲ್ಲಿ ಕೆಂಪು ಶಾಯಿಯಿಂದ ‘ವಿಷಯಾಂತರ’ ಎಂದು ಬರೆದು ನಾಲ್ಕು ಕೊಟ್ಟೆ. ವ್ಯಕ್ತಿಯ ಗುಣಗಳು, ಸಾಧನೆ, ನಮಗೆ ದೊರೆತ ಸ್ಫೂರ್ತಿ ಯಾವುದೂ ಇರಲಿಲ್ಲವಲ್ಲ! ಕಾಗುಣಿತಕ್ಕೆ ಕಳೆದೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಟಾರು ರಸ್ತೆಯ ಮೇಲೆ ನಾನೂ ಇದ್ದೆ, ಚಪ್ಪಲಿ ಹಾಕಿಕೊಂಡು. ಕಾರು ಕಂಡ ಕೂಡಲೇ ‘ಬೀಸಿ, ಬೀಸಿ’ ಎಂದು ಕೂಗಿದವಳು ನಾನು. ಆ ಹುಡುಗಿ ಕಂಡದ್ದನ್ನೇ ನಾನೂ ಕಂಡಿದ್ದೆ. ಅದನ್ನು ಅವಳ ಕೈಬರಹದಲ್ಲಿ ಓದುವುದು ನನಗೆ ಬೇಕಿರಲಿಲ್ಲ. ಆ ವರ್ಷ ನನಗೆ ಬಂದ ಪ್ರಬಂಧಗಳಲ್ಲಿ ಕಂಡದ್ದನ್ನು ಬರೆದದ್ದು ಅದೊಂದೇ. ಗಣಿ ಮುಚ್ಚಿದ ಮೇಲೆ ಆ ಕುಟುಂಬ ಎತ್ತಲೋ ಹೋಯಿತು.

ನಮ್ಮ ಮನೆಯಲ್ಲೇ ಇಂಥ ಒಂದು ಕಥೆ ಐವತ್ತು ವರ್ಷ ಮಾತಿಲ್ಲದೆ ಕುಳಿತಿತ್ತೆಂಬುದೂ ನನಗೆ ತಡವಾಗಿ ತಿಳಿಯಿತು. ನಮ್ಮಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಶಾಫ್ಟಿನ ಬಾಯಿಯಲ್ಲಿದ್ದವರು. ಜನರನ್ನು ಎಣಿಸಿ ಕೇಜಿನೊಳಗೆ ಬಿಟ್ಟು, ಬಾಗಿಲು ಹಾಕಿ, ಕೆಳಗಿಳಿಸಲು ಗಂಟೆ ಹೊಡೆಯುವ ಕೆಲಸ. ಮೂರು ಕಿಲೋಮೀಟರಿಗೂ ಮೀರಿ ಆಳವಿದ್ದ ಗಣಿ ಅದು. ಆ ಆಳವನ್ನು ನೋಡಿಯೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅಲ್ಲಿಗೆ ಬಂದದ್ದು. ಆಕಾಶದಿಂದ ಸುರಿಯುವ ಕಣಗಳನ್ನು ಮೇಲಿನ ಬಂಡೆಯೆಲ್ಲ ತಡೆದುಬಿಡುತ್ತದೆ, ಯಾವುದಕ್ಕೂ ತಡೆಯದ ನ್ಯೂಟ್ರಿನೊ ಮಾತ್ರ ಅಷ್ಟು ಕೆಳಗೂ ಇಳಿಯುತ್ತದೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು 1951ರಷ್ಟು ಹಿಂದೆಯೇ ಉಪಕರಣ ಹೊತ್ತು ಈ ಗಣಿಗೆ ಬಂದಿದ್ದರು. 1965ರಲ್ಲಿ ಅವರೂ ಎಂ.ಜಿ.ಕೆ. ಮೆನನ್ ಅವರೂ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರೂ ಕೂಡಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಇಲ್ಲಿ ಪತ್ತೆ ಮಾಡಿದರು. ಮೆನನ್ ಮುಂದೆ ಕೇಂದ್ರದಲ್ಲಿ ಮಂತ್ರಿಯಾದರು. ಡರ್ಹಮಿನ ಆರ್ನಾಲ್ಡ್ ವುಲ್ಫೆಂಡೇಲ್ ಬ್ರಿಟನ್ನಿನ ರಾಜಖಗೋಳ ವಿಜ್ಞಾನಿಯಾದರು. ಎಂಬತ್ತರ ದಶಕದಲ್ಲಿ ಪ್ರೋಟಾನ್ ತಾನಾಗಿ ಒಡೆಯುತ್ತದೆಯೇ ಎಂದು ನೋಡಲು ಸುಮಾರು 140 ಟನ್ ಕಬ್ಬಿಣವನ್ನು ಕೆಳಗಿಳಿಸಿ ಇನ್ನೊಂದು ಪ್ರಯೋಗ ನಡೆಯಿತು.

ಇದೆಲ್ಲ ನಾನು ಓದಿದ್ದು 2019ರ ಅಕ್ಟೋಬರಿನಲ್ಲಿ, ಶ್ರೀಕಂಠನ್ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ. ಪತ್ರಿಕೆ ಹಿಡಿದುಕೊಂಡೇ ಹೋಗಿ ಅಪ್ಪನನ್ನು ಕೇಳಿದೆ, ‘ಇವರನ್ನೆಲ್ಲ ನೀವು ನೋಡಿದ್ದಿರಾ?’

ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮುಖ ಗುರುತು ಸಿಗಲಿಲ್ಲ. ‘ಟಾಟಾದವರು ತಾನೇ? ಬರೋರು, ಹೋಗೋರು. ಟೋಪಿ ಹಾಕಿ ದೀಪ ಕಟ್ಟಿಕೊಂಡರೆ ಯಾರು ಯಾರೋ ಏನು ಗೊತ್ತಾಗುತ್ತಮ್ಮ? ಜಪಾನಿನೋರು ಒಬ್ಬರು ಇದ್ದರು. ಕೇಜು ಹತ್ತೋಕೆ ಮುಂಚೆ ನನಗೆ ಬಗ್ಗಿ ನಮಸ್ಕಾರ ಮಾಡೋರು. ನಮ್ಮೋರು ನಗೋರು.’

‘ಹೇಳಲೇ ಇಲ್ಲವಲ್ಲ ಅಪ್ಪ, ಇಷ್ಟು ವರ್ಷ!’

‘ಏನು ಹೇಳೋದು? ದಿನಾ ಸಾವಿರ ಜನ ಇಳಿಸ್ತಿದ್ದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಅದು ಸಿಕ್ಕಿತಾ ಅವರಿಗೆ? ಹುಡುಕ್ತಿದ್ದದ್ದು?’

ನನಗೆ ಏನು ಹೇಳಬೇಕೆಂದು ತಕ್ಷಣ ತಿಳಿಯಲಿಲ್ಲ. ಅದು ಸಿಕ್ಕಿ 54 ವರ್ಷವಾಗಿತ್ತು. ದೇಶವಿದೇಶದ ವಿಜ್ಞಾನಿಗಳಿಗೆಲ್ಲ ಗೊತ್ತಾಗಿತ್ತು. ಕೇಜಿನ ಬಾಗಿಲು ಹಾಕಿದವರಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದಲ್ಲ, ಹೇಳಬೇಕೆಂದು ಹೊಳೆದಿರಲಾರದು. ‘ಮೊದಲು ಹುಡುಕಿದ್ದು ಸಿಕ್ಕಿತು ಅಪ್ಪ. ಎರಡನೇದು, ಕಬ್ಬಿಣ ಇಳಿಸಿ ಹುಡುಕಿದ್ದು, ಇನ್ನೂ ಯಾರಿಗೂ ಸಿಕ್ಕಿಲ್ಲ’ ಎಂದೆ.

‘ಆ ಕಬ್ಬಿಣಾನಾ!’ ಎಂದು ಅಪ್ಪ ಎದ್ದು ಕುಳಿತರು. ವಿಜ್ಞಾನಿಗಳ ಮುಖ ಮರೆತಿದ್ದವರಿಗೆ ಕಬ್ಬಿಣ ಚೆನ್ನಾಗಿ ನೆನಪಿತ್ತು. ಎಷ್ಟು ಉದ್ದ, ಕೇಜಿನೊಳಗೆ ಹೇಗೆ ಓರೆಯಾಗಿ ನಿಲ್ಲಿಸುತ್ತಿದ್ದರು, ಯಾವ ಕಡೆ ಸರಪಳಿ, ಯಾರ ಬೆರಳು ಜಜ್ಜಿಹೋಯಿತು, ಆ ಬೆರಳಿನವನ ಹೆಂಡತಿ ಆಸ್ಪತ್ರೆಗೆ ಏನು ಬುತ್ತಿ ತಂದಳು. ನಾನು ಸ್ಕೂಲಿನ ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ಬರೆದುಕೊಳ್ಳತೊಡಗಿದೆ. ‘ಅದನ್ನೆಲ್ಲ ಯಾಕೆ ಬರೀತೀಯಮ್ಮ?’ ಎಂದರು. ‘ನೀವು ಹೇಳಿ’ ಎಂದೆ. ಎರಡು ಅಂಗೈಯನ್ನೂ ಅಗಲಿಸಿ, ಸ್ವಲ್ಪ ಯೋಚಿಸಿ, ಇನ್ನಷ್ಟು ಅಗಲಿಸಿ, ‘ಇಷ್ಟು ಅಗಲ ಇತ್ತು ನೋಡು, ಒಂದೊಂದೂ’ ಎಂದು ತೋರಿಸಿದರು.